ಮೂರೂವರೆ ಟನ್

ಮೊದಲು ಬಂದವನು ವ್ಯಾನಿನಿಂದ ಇಳಿಯುತ್ತಲೇ ಅಂದ: ಐದು ಟನ್.
ಹದಿನಾರು ಸಾವಿರ ಡಾಲರ್, ಇವತ್ತೇ ಸಹಿ ಹಾಕಿದರೆ ಹದಿನೈದು.
ಡಾರ್ಲೀನ್ ಹಾಗಲ್ಲ. ಬೂಟು ಕಳಚಿ ಒಳಬಂದು
ಒಂದೊಂದೇ ಕಿಟಕಿ ಅಳೆದಳು,
ಪಡುವಣದ ಗಾಜಿಗೆ ಅಂಗೈ ಒತ್ತಿ "ಉಶ್" ಎಂದಳು,
ಅಟ್ಟ ಹತ್ತಿ ಇಳಿದಾಗ ಹುಬ್ಬಿನ ತುಂಬ ಧೂಳು.

"ದೊಡ್ಡದು ಬೇಡ. ಸವಾನಾದ ಸೆಕೆ ಬೇರೆ.
ದೊಡ್ಡದು ಗಬಗಬ ತಂಪು ಮಾಡಿ ಮಲಗಿಬಿಡುತ್ತೆ,
ಪಸೆ ಗೋಡೆಯಲ್ಲೇ ಉಳಿಯುತ್ತೆ."
ಜೋರುರಿಯ ಅನ್ನದ ಹಾಗೆ, ಅಂದುಕೊಂಡೆ:
ತಳ ಸೀದು, ನಡುವೆ ಇನ್ನೂ ಅಕ್ಕಿ.

ಟನ್ ಅಂದರೆ ಯಂತ್ರದ ತೂಕವಲ್ಲವಂತೆ.
ಒಂದು ಟನ್ ಮಂಜುಗಡ್ಡೆ ಒಂದು ಹಗಲು ಒಂದಿರುಳು
ಕರಗುತ್ತ ಹೀರುವಷ್ಟು ಬಿಸಿ.
ಅಂಥ ಮೂರೂವರೆ ಬಂಡೆ, ದಿನಾ, ನನ್ನ ಮನೆಗೆ!

"ಎಷ್ಟು ಜನ?"
"ಇಬ್ಬರು."
ತಲೆಗಿಷ್ಟು ಬಿಸಿಯೆಂದು ಬರೆದುಕೊಂಡಳು.
ಸದಾನಂದ ಜೂನಿನಲ್ಲೂ ಕಂಬಳಿ ಹೊದೆಯುವವನು.
ನನಗೆ ಐವತ್ತೊಂದು; ರಾತ್ರಿ ಎರಡಕ್ಕೆ
ಎದೆಯಿಂದ ಕಿವಿಯವರೆಗೆ ಒಲೆ ಹತ್ತುತ್ತದೆ,
ಫ್ರಿಜ್ಜಿನ ಬಾಗಿಲು ತೆರೆದು ನಿಲ್ಲುತ್ತೇನೆ.
ಅದನ್ನು ಯಾವ ಸಾಲಿನಲ್ಲಿ ಬರೆಯುತ್ತಾರೆ?

ಕೇಳಿಯೇಬಿಟ್ಟೆ.
ಪೆನ್ಸಿಲು ನಿಂತಿತು. ಚೀಲದ ತಳದಿಂದ
ಮಡಚುವ ಬೀಸಣಿಗೆಯೊಂದನ್ನು ತೆಗೆದು ತೋರಿಸಿದಳು:
"ಫಾರ್ಮಿನಲ್ಲಿ ಜಾಗವಿಲ್ಲ. ನನಗೆ ಏಳು ವರ್ಷ ಕಾಡಿತ್ತು."

ಹನ್ನೊಂದು ಸಾವಿರದ ನಾನೂರು.
ಅಟ್ಟದ ಕೊಳವೆಗಳ ಸೋರಿಕೆ ಮುಚ್ಚಲು ಆರುನೂರು ಬೇರೆ.
ಚೌಕಾಸಿ ಮಾಡಬೇಕಿತ್ತು. ಮಾಡಲಿಲ್ಲ.
ಮಲಗುವ ಕೋಣೆಯ ಗಾಳಿಕಿಂಡಿ ಮಾತ್ರ
ನನ್ನ ಮಗ್ಗುಲಿಗೆ ತಿರುಗಿರಲಿ ಅಂದೆ.
ಸದಾನಂದನಿಗೆ ಇನ್ನೊಂದು ಕಂಬಳಿ,
ಅದು ನನ್ನ ಖರ್ಚು.