ಎಡಗಾಲಿನ ಅಚ್ಚು

ಸೊಂಗ್ಸು ನಿಲ್ದಾಣದ ಮೂರನೇ ಬಾಗಿಲಲ್ಲಿ ಇಳಿದು
ಫೋನು ತೋರಿಸಿದತ್ತ ನಡೆದೆ.
ಮೇಲೆ ರೈಲು, ಕೆಳಗೆ ಸಾಲು.
ಯಾತಕ್ಕೆ ನಿಂತಿದ್ದೀರೆಂದರೆ ಮುಂದಿನವಳು
ತನ್ನ ಮುಂದಿನವನನ್ನು ತೋರಿಸಿದಳು.
ನಾನೂ ನಿಂತೆ.
ಮೂರೇ ದಿನ ತೆರೆದಿರುವ ಅಂಗಡಿಯಂತೆ, ಸುಗಂಧದ್ದು.
ಕಾಗದದ ಪಟ್ಟಿ ಮೂಸಿ, ತಲೆದೂಗಿ, ಹೊರಬಂದಾಗ
ಪುಕ್ಕಟೆ ಚೀಲವೊಂದು ಹೆಗಲೇರಿತ್ತು.

ಕೆಂಪು ಇಟ್ಟಿಗೆಯ ಓಣಿ.
ಹಳೆಯದು ಯಾವುದು, ಹಳೆಯದರ ಹಾಗೆ ನಿನ್ನೆ ಕಟ್ಟಿದ್ದು ಯಾವುದು,
ಸವರಿ ನೋಡಬೇಕು:
ಹಳೆಯ ಇಟ್ಟಿಗೆ ಬೆರಳಿಗೆ ಬಣ್ಣ ಕೊಡುತ್ತದೆ.

ಬೂಟಿನ ಅಟ್ಟೆ ಒತ್ತುವ ಕಾರ್ಖಾನೆಯಾಗಿತ್ತಂತೆ ಈ ಕಾಫಿಯಂಗಡಿ.
ಗಾರೆ ಉದುರಿದ ಕಡೆಗೇ ದೀಪ ತಿರುಗಿಸಿದ್ದಾರೆ.
ಸೂರಿನಿಂದ ದಾರದಲ್ಲಿ ಇಳಿಬಿಟ್ಟ ಮರದ ಪಾದಗಳು,
ನೂರಿರಬಹುದು, ಬೆರಳಿಲ್ಲದವು,
ಫ್ಯಾನಿನ ಗಾಳಿಗೆ ಒಂದಕ್ಕೊಂದು ತಾಕಿ ಟೊಕ್ ಟೊಕ್.
ಒಂದಕ್ಕೆ ಹೆಬ್ಬೆರಳ ಬುಡದಲ್ಲಿ ತೊಗಲಿನ ತೇಪೆ,
ಪಕ್ಕದಲ್ಲಿ ಪೆನ್ಸಿಲಿನ ಬರಹ.
ಚಂದ ಕಂಡಿತು. ಫೋಟೋ ತೆಗೆದೆ.
ಕಾಫಿಗೆ ಒಂಬತ್ತು ಸಾವಿರ ವೊನ್.
ರೂಪಾಯಿಗೆ ಲೆಕ್ಕ ಹಾಕಬಾರದು ಎಂದುಕೊಂಡೇ ಹಾಕಿದೆ.

ಎರಡು ಓಣಿ ದಾಟುವಷ್ಟರಲ್ಲಿ
ನನ್ನ ಎಡಗಾಲಿನ ಬೂಟು ಬಾಯಿ ಬಿಟ್ಟಿತು.
ಹೆಜ್ಜೆಗೊಮ್ಮೆ ಚಪ್, ಚಪ್.
ಕಂಬಕಂಬಕ್ಕೂ ಬೂಟಿನ ಚಿತ್ರ,
ಹೊಲಿಯುವವರು ಒಬ್ಬರೂ ಇಲ್ಲ.
ಕಸ ಗುಡಿಸುವಾಕೆ ಪೊರಕೆಯ ಹಿಡಿಯಿಂದ
ಮೇಲೆ ತೋರಿಸಿದಳು.

ಮೂರನೇ ಮಹಡಿ. ಅಂಟಿನ ವಾಸನೆ,
ಇದಕ್ಕೆ ಸಾಲು ಇರಲಿಲ್ಲ.
ತಾಕ್ ಪಿಲ್ಸು, ಎಪ್ಪತ್ತೊಂದು ವರ್ಷ, ಬಾಯಲ್ಲಿ ನಾಲ್ಕು ಮೊಳೆ.
ನಮ್ಮೂರಿನ ರೂಢಿ ಕಾಲಲ್ಲೇ ಉಳಿದಿತ್ತು ನೋಡಿ,
ಬೂಟನ್ನು ಪಾದದಿಂದಲೇ ಅವರತ್ತ ನೂಕಿದೆ.
ಅವರು ಬಗ್ಗಿ
ಎರಡೂ ಕೈಯಿಂದ ಎತ್ತಿಕೊಂಡರು.

ನಡುವೆ ಫೋನು ಇಟ್ಟುಕೊಂಡೆವು.
ಅವರು ನಕ್ಕು ಏನೋ ಅಂದದ್ದನ್ನು ಅದು ಗಂಭೀರವಾಗಿ ಓದಿತು:
"ಈ ಪಾದರಕ್ಷೆಯನ್ನು ಅಂಟು ತಯಾರಿಸಿದೆ.
ಮನುಷ್ಯ ಭಾಗವಹಿಸಿಲ್ಲ."

ಬೆಳಗಿನ ಫೋಟೋ ತೋರಿಸಿದೆ, ನೋಡಿ ನಿಮ್ಮ ಕಸುಬು ಎಂಬ ಹಾಗೆ.
ಅವರು ಕನ್ನಡಕ ಹಣೆಗೇರಿಸಿದರು.
ಮೊಳೆಗಳನ್ನು ಒಂದೊಂದಾಗಿ ಬಾಯಿಂದ ತೆಗೆದು
ಹಲಗೆಯ ಮೇಲಿಟ್ಟರು.

ಮಾ ಒಕ್ಬುನ್, ಎಡ. ಬರೆದದ್ದು ಅಷ್ಟೇ.
ಮೀನು ಮಾರುತ್ತಿದ್ದಳು. ನಿಂತು ನಿಂತು ಗೆಣ್ಣು ಹೊರಗೆ ಬಂದಿತ್ತು.
ಮಗನ ಮದುವೆಗೆ ಒಂದು ಜೊತೆ, ಕಪ್ಪು.
ನೋಯದ ಹಾಗೆ ಮಾಡಿಕೊಡು ಅಂದಳು.
ಅಚ್ಚಿಗೆ ತೇಪೆ ಹಚ್ಚಿದ್ದು ಅದಕ್ಕೆ.
ನೋಯಲಿಲ್ಲ ಎಂದು ಹೇಳಲು ಬಂದವಳು
ಬಂಗಡೆ ತಂದಿದ್ದಳು.

ಬಾಡಿಗೆ ಏರಿದ ವರ್ಷ ಇವರೂ ಮೆಟ್ಟಿಲೇರಿದರು.
ಇಲ್ಲಿ ಜಾಗವೆಲ್ಲಿ? ಅಚ್ಚುಗಳನ್ನು ಸೌದೆಯ ದರಕ್ಕೆ ತೂಗಿಕೊಟ್ಟರು.
ಕೊಂಡ ಹುಡುಗ ಒಳ್ಳೆಯವನು, ಮಳೆಯಲ್ಲಿ ತಾನೇ ಹೊತ್ತ.
"ಈ ಬೀದಿಯಲ್ಲಿ ಮುಕ್ಕಾಲು ಪಾಲು ಹೋದರು" ಅಂತು ಫೋನು.
ಉಳಿದದ್ದು ಕಾಲು, ಅಂದುಕೊಂಡೆ.
ಅದನ್ನು ಆ ಭಾಷೆಗೆ ದಾಟಿಸುವ ಫೋನು ಇನ್ನೂ ಬಂದಿಲ್ಲ.

ಬಲಗಾಲಿನದು ಎಲ್ಲಿ? ಅವರು ಕೇಳಿದರು.
ಫೋಟೋ ಹಿಗ್ಗಿಸಿ, ಸರಿಸಿ, ಮತ್ತೆ ಸರಿಸಿ
ತಲೆಗೆ ತಲೆ ತಾಗಿಸಿಕೊಂಡು ಹುಡುಕಿದೆವು.
ಎಲ್ಲ ಬಿಡಿ ಬಿಡಿ. ಅಂದಕ್ಕೆ ಕಟ್ಟಿದವರು ಜೋಡಿ ನೋಡಿರಲಿಲ್ಲ.

ಹೊಲಿಗೆಗೆ ನಾಲ್ಕು ಸಾವಿರ.
ಒಂಬತ್ತು ಕೊಡಹೋದೆ, ಐದು ಹಿಂದಕ್ಕೆ ಬಂತು.
ಬೂಟು ಕೊಟ್ಟರು. ಈ ಸಲ
ನಾನೂ ಎರಡೂ ಕೈ ಚಾಚಿದೆ, ತಡವಾಗಿ,
ಬೆರಳುಗಳಲ್ಲಿ ಇನ್ನೂ ಇಟ್ಟಿಗೆಯ ಕೆಂಪು.

ಸಂಜೆ. ಮತ್ತೆ ಅದೇ ಕಾಫಿಯಂಗಡಿ, ಅದೇ ಸಾಲು.
"ಬೆಳಿಗ್ಗೆ ಬಂದಿದ್ದಿರಲ್ಲ" ಎಂದು ಹುಡುಗಿ ಹಿಗ್ಗಿದಳು.
ಕೂರುವ ಹಕ್ಕಿಗಾಗಿ ಇನ್ನೊಂದು ಒಂಬತ್ತು ಸಾವಿರ.
ಕಾಫಿ ಆರುತ್ತಿತ್ತು.
ಕತ್ತೆತ್ತಿ ಶುರುಮಾಡಿದೆ
ಕಿಟಕಿಯ ಕಡೆಯಿಂದ:
ಎಡ, ಎಡ, ಬಲ, ಇದು ಮಕ್ಕಳದು, ಎಡ