ಮೂರನೇ ಬ್ಯಾಕು

ವಾಡಿ ಜಂಕ್ಷನ್ನಿನ್ಯಾಗ ಯಾರನ್ನ ಬೇಕಾದ್ರೂ ಕೇಳ್ರಿ,
ಮಿರ್ಚಿ ಕರಿಯೋ ಚಂದಮ್ಮನ್ನ, ಪಾರ್ಸಲ್ ಆಫೀಸಿನ ಕ್ಲಾರ್ಕನ್ನ:
ಕ್ಯಾಬಿನ್‌ಮನ್ ದಾನಿಯೇಲಪ್ಪ ಆ ಫೈನಲ್ಲಿನ್ಯಾಗ
ಎಂಬತ್ತಾರನೇ ನಿಮಿಷಕ್ಕ ಏನು ಮಾಡಿದ ಅಂತ.
ಎಲ್ಲಾರಿಗೂ ಗೊತ್ತು.
ಎಲ್ಲಾರಿಗೂ ಅವನಕಿಂತ ಚೊಲೋ ಗೊತ್ತು.

ಒಂದು–ಸೊನ್ನಿ. ನಾವು ಮುಂದಿದ್ವಿ.
ಶಹಾಬಾದಿನವರು ಸೊಂಟದ ಮ್ಯಾಲ ಕೈ ಇಟಗೊಂಡು
ಬಾಯಿಲೆ ಉಸಿರಾಡಲಿಕ್ಕತ್ತಿದ್ರು.
ಸಿಮೆಂಟಿನ ಧೂಳು ಹುಬ್ಬಿನ ಮ್ಯಾಲ ಕುಂತು
ಇಪ್ಪತ್ತೆರಡು ಮಂದಿನೂ ಮುದುಕರಾಗಿದ್ರು,
ಗೈಬು ಒಬ್ಬನ್ನ ಬಿಟ್ಟು.
ಗೈಬು ಹೆಸರಿಗಿ ತಕ್ಕ ಹುಡುಗ,
ಇಲ್ಲೇ ಅದಾನ ಅನ್ನೂದ್ರಾಗ ಇಲ್ಲ; ಚೆಂಡು ಆಗಲೇ ಜಾಳಿಗ್ಯಾಗ.
ಅಂಥಾ ಗೈಬೂನ್ನ ಹೊರಗ ಕರದ.
ಒಳಗ ಕಳಿಸಿದ್ದು ಯಾರನ್ನ?

ನನ್ನನ್ನ.

ತಪ್ಪು ನಿರ್ಧಾರ ಅಂತಾರ ಮಂದಿ.
ಹೌದ್ರಿ, ಆ ನಿರ್ಧಾರಕ್ಕ ಒಂದು ಹೆಸರದ, ಮಲ್ಕಪ್ಪ.
ಎತ್ತರ ಐದು ಫೂಟು ನಾಲ್ಕಿಂಚು.
ಬ್ಯಾರೇದವರ ಬೂಟು, ಎಡಗಾಲಿಂದು ಒಂದು ಸೈಜು ದೊಡ್ಡದು,
ತುದಿಗಿ ಹಳೇ ಪೇಪರ್ ತುರುಕಿದ್ದು.
ಅದರಾಗ ಏನು ಸುದ್ದಿ ಇತ್ತೋ,
ಅದರ ಮ್ಯಾಲ ನಿಂತೇ ಆಡಿದೆ.

“ಎಲ್ಲಾರೂ ಹಿಂದ! ಹಿಂದ ಬರ್ರೋ!”
ಹನ್ನೊಂದು ಮಂದಿ ಗೋಲಿನ ಮುಂದ ನಿಂತ್ವಿ,
ಸೀಮೆಎಣ್ಣಿ ಬಂದ ದಿನ ರೇಷನ್ ಅಂಗಡಿ ಮುಂದ ನಿಂತಂಗ.
ಎಂಬತ್ತೆಂಟು: ಚೆಂಡು ನನ್ನ ಮಣಕಾಲಿಗಿ ಬಡದು
ನಮ್ಮ ಗೋಲಿಗೇ ನಡೀತು,
ಸಂಜಿಗಿ ಮನಿ ದಾರಿ ಹಿಡದ ಎಮ್ಮಿಯಂಗ, ಅವಸರಿಲ್ಲದ.
ತೊಂಬತ್ತೊಂದು: ಕಾರ್ನರ್. ಅವರ ಉದ್ದನ್ನ ಹುಡುಗ
ನನ್ನ ತಲಿ ಮ್ಯಾಲ ಹಾರಿದ.
ನಾನೂ ಹಾರಿದ್ದೆ, ಖರೇನ.
ಅದನ್ಯಾರೂ ನೋಡಲಿಲ್ಲ.

ಚಹಾದಂಗಡ್ಯಾಗ ಹದಿನೇಳು ವರ್ಷದಿಂದ ಕೇಸು ನಡದದ.
ರೊಕ್ಕ ತಿಂದಾನ, ಅಂತಾನೊಬ್ಬ.
ಅಂವೇನು ತಿಂತಾನೋ, ಸೂಸಲಾ ಕೊಟ್ರ ಅರ್ಧ ಉಳಸಂವ,
ಅಂತಾನ ಇನ್ನೊಬ್ಬ: ಜಲ್ಮೆಲ್ಲಾ ಸಿಗ್ನಲ್ ಎಳದಂವ,
ನಿಂತ ಗಾಡಿ ಎಂದೂ ಡಿಕ್ಕಿ ಹೊಡಿಯೂದಿಲ್ಲ ಅಂಬೋದು ಅವನ ಶಾಸ್ತ್ರ.
ಗೈಬು ಈಗ ಎರಡು ಲಾರಿ ಮಾಲಕ. ಏನೂ ಅನ್ನೂದಿಲ್ಲ.
ನನ್ನ ಚಹಾದ ರೊಕ್ಕ ಅವನೇ ಕೊಡತಾನ, ಪ್ರತಿ ಸಲ.
ಬೈದಿದ್ರ ಹಗುರಿತ್ತು.

ದಾನಿಯೇಲಪ್ಪ ರಿಟೈರಾದ ವರ್ಷ ಕೇಳೇ ಬಿಟ್ಟೆ:
“ಮಾಸ್ತರ, ಯಾಕ ನನ್ನನ್ನ?”
ಚಹಾ ಬಸಿಗಿ ಸುರುವಿ ಊದಿದ.
ಒಂದು ಗೂಡ್ಸ್ ಪೂರಾ ದಾಟಿ ಹೋಗೂತನಕ ಊದಿದ.
“ನಿಮ್ಮಪ್ಪ ಬಂದಿದ್ನಲ್ಲೋ ಅವತ್ತು.
ಮೂರನೇ ಫರಸಿ ಮ್ಯಾಲ, ಹಳದಿ ಹೆಲ್ಮೆಟ್.
ಏಳು ಮ್ಯಾಚು ನೀ ಬೆಂಚು ಕಾದಿದ್ದಿ.
ಹೆಂಗೂ ಗೆದ್ದಂಗೇ ಇತ್ತು.
ನಾಕು ನಿಮಿಷ ಮಗನ್ನ ನೋಡ್ಲಿ ಅಂದೆ.”

ನಮ್ಮಪ್ಪ ಬಂದಿರಲಿಲ್ಲ.
ಅವತ್ತು ಅವನದು ಕ್ರಷರಿನ್ಯಾಗ ಎರಡನೇ ಪಾಳಿ.
ರಾತ್ರಿ ಬಂದು ರೊಟ್ಟಿ ಮುರಕೋತ ಕೇಳಿದ್ದ, “ಏನಾತು?”
“ಸೋತ್ವಿ.”
“ನೀ ಆಡಿದ್ಯಾ?”
“ಇಲ್ಲ,” ಅಂದಿದ್ದೆ.

ಯಾರಿದ್ದ ಆ ಹಳದಿ ಹೆಲ್ಮೆಟ್ಟಿನಂವ?
ವಾಡ್ಯಾಗ ಹಳದಿ ಹೆಲ್ಮೆಟ್ಟಿಗಿ ಬರಗಾಲಿಲ್ಲ.
ಮಾಸ್ತರಗ ಮಾತ್ರ ಹೇಳಲಿಲ್ಲ.
ಹೇಳಿದ್ರ ಅದೂ ಆಫ್‌ಸೈಡ್ ಆಗತಿತ್ತು.
“ಹೌದ್ರಿ, ಬಂದಿದ್ದ,” ಅಂದೆ.
ಅಂವ ಬಸಿ ಖಾಲಿ ಮಾಡಿ ಬಾಯಿ ಒರಸಿಕೊಂಡ.

ಈಗ ನಾನೂ ಕ್ರಷರಿನಂವ. ಆದ್ರ ಫೈನಲ್ ತಪ್ಪಸೂದಿಲ್ಲ,
ಪಾಳಿ ಬದಲಿ ಮಾಡಿಸಿಕೊಂಡು ಹೋಗತೀನಿ.
ಮೂರನೇ ಫರಸಿ ಮ್ಯಾಲ ಕೂಡತೀನಿ, ಇನ್ನೂ ಕಾದಿರತದ ಬಿಸಿಲಿಗಿ.
ಎಂಬತ್ತು ನಿಮಿಷ ದಾಟ್ತಂದ್ರ
ಹೆಲ್ಮೆಟ್ ತಗದು ಕಾಲಬುಡಕ ಇಡತೀನಿ,
ಯಾರ ಅಪ್ಪನಂಗೂ ಕಾಣಬಾರದಂತ.