ನಾಡಿದ್ದು

ಗುರುವಾರ ರಾತ್ರಿಯಿಡೀ ಸುರಿದು
ಶುಕ್ರವಾರ ನಡುಹಗಲಿಗೆ ನಿಂತಿತ್ತು ಮಳೆ.
ಶನಿವಾರ, ಎಲ್ಬೆ ನದಿಯ ಎಂಟೂವರೆಯ ದೋಣಿ
ರೈಲಿನ ದಡದಿಂದ ಬಂಡೆಗಳ ದಡಕ್ಕೆ ತಂದು ಇಳಿಸಿದ್ದು
ಮೂವರು ಹುಡುಗರನ್ನು, ಎರಡು ಸುರುಳಿ ಹಗ್ಗವನ್ನು,
ಲೈಪ್‌ಜಿಗ್‌ನಿಂದ ಹೊತ್ತು ತಂದ ಒಂದು ವಾರದ ಹಸಿವನ್ನು.

ಬಂಡೆ ಬಿಸಿಲಿಗೆ ನಿಂತಿತ್ತು
ತಲೆ ಒರೆಸಿಕೊಂಡು, ಮೈ ಬೆಳ್ಳಗೆ ಮಾಡಿಕೊಂಡು,
ನನಗೇನೂ ಆಗಿಲ್ಲವಲ್ಲ ಎನ್ನುವ ಹಾಗೆ.
‘ಒಣಗಿದೆ’ ಎಂದ ಉದ್ದನೆಯವ, ಯೋರಿಸ್,
ಕುದುರೆ ಕೊಳ್ಳಲು ಬಂದವನಂತೆ
ಅದರ ಕೆನ್ನೆ ತಟ್ಟಿ.
ಫೋನು ಕೂಡ ಹೌದೆಂದಿತು.

ಹೈನರ್ಟ್ ಏನೂ ಅನ್ನಲಿಲ್ಲ.
ಎಪ್ಪತ್ತಮೂರರ ಮುದುಕ. ನಾನು
ಹನ್ನೆರಡು ವರ್ಷದಿಂದ ಅವನ ಹಗ್ಗದ ಇನ್ನೊಂದು ತುದಿ.
ಎಡಗಾಲು ಎಳೆಯುತ್ತ ಬುಡಕ್ಕೆ ಹೋಗಿ ಕೂತ,
ನೆಲ ಕೆದಕಿದ.
ಮೇಲಿನ ಮರಳು ಬೂದಿಯಂತೆ ಹಾರಿತು.
ಬೆರಳು ಮುಳುಗುವಷ್ಟು ಕೆಳಗೆ ಬಣ್ಣ ಬೇರೆ,
ಸೋಸಿ ಉಳಿದ ಕಾಫಿ ಚರಟದ ಬಣ್ಣ.
ಒಂದು ಮುಷ್ಟಿ ತೆಗೆದು ಯೋರಿಸನ ಕೈಗಿಟ್ಟು
‘ಹಿಸುಕು’ ಎಂದ. ‘ಈಗ ಬಿಡು.’

ಉದುರಬೇಕಿತ್ತು.
ಉದುರಲಿಲ್ಲ.
ನಾಲ್ಕು ಬೆರಳಿನ ಗುರುತು ಹೊತ್ತ ಉಂಡೆ
ಅಂಗೈಯಲ್ಲಿ ಕೂತೇ ಇತ್ತು.

ನಮ್ಮ ಕಲ್ಲು ಪೂರ್ತಿ ಕಲ್ಲಲ್ಲ.
ಕಡಲು ಬಿಟ್ಟುಹೋದ ಮರಳು
ಒಂದರ ಕೈ ಒಂದು ಹಿಡಿದು ನಿಂತದ್ದು, ಅಷ್ಟೆ.
ನೀರು ಒಳಹೊಕ್ಕರೆ ಆ ಹಿಡಿತ ಸಡಿಲ.
ಒಣಗುವುದು ಹೊರಗಿನಿಂದ, ಒಳಗಿನದು ಕೊನೆಗೆ.
ಮುಖವೆಲ್ಲ ಒಣ ಒಣ, ಅದೇ ಹಸಿ ಸುಳ್ಳು.
ಗಾಯ ಹಸಿ ಎನ್ನುತ್ತೇವೆ, ಬಾಣಂತಿಯನ್ನೂ ಹಸಿ ಎನ್ನುತ್ತೇವೆ;
ಹೆತ್ತ ಮೂರನೆಯ ದಿನ ಎಬ್ಬಿಸಿ
ಮೂಟೆ ಹೊರಿಸುತ್ತಾರೆಯೇ ಯಾರಾದರೂ?

‘ಎಷ್ಟು ಗಂಟೆ ಬೇಕು ಹೇಳಿ’ ಎಂದ ಎರಡನೆಯವ.
ಗಂಟೆಯ ಲೆಕ್ಕ ಇದಕ್ಕೆ ಬರುವುದಿಲ್ಲ.
ಬೊಹೀಮಿಯದ ಕಡೆಯ ಗಾಳಿ ಬೀಸಿದರೆ ಒಂದು,
ಪೈನ್ ಮರದ ನೆರಳಿದ್ದರೆ ಇನ್ನೊಂದು,
ಉತ್ತರಕ್ಕೆ ಬೆನ್ನು ಮಾಡಿದ ಗೋಡೆಯ ಬಿರುಕಿನಲ್ಲಿ
ಹೋದ ತಿಂಗಳ ಮಳೆ ಇನ್ನೂ ಮಾತಾಡುತ್ತಿರುತ್ತದೆ.

ಆಗ ಹೈನರ್ಟ್ ಕೋಲೆತ್ತಿ ತೋರಿಸಿದ.
ಎರಡನೆಯ ಉಂಗುರದ ಕೆಳಗೆ, ಕಪ್ಪುಗಟ್ಟಿದ ಗೋಡೆಯಲ್ಲಿ
ತಟ್ಟೆಯಗಲದ ಹಳದಿ ಕಲೆ.
ಎಂಬತ್ತನಾಲ್ಕರ ಮೇ. ಮರುದಿನ ಕಾರ್ಖಾನೆಯ ಪಾಳಿ.
ಕಲ್ಲು ಬೆಳ್ಳಗೆ ಕಂಡಿತ್ತು.
ಸೊಂಟ ಮುರಿದ ಕತೆ ನಾನು ಎಷ್ಟು ಸಲ ಕೇಳಿಲ್ಲ,
ನಗುನಗುತ್ತಲೇ ಹೇಳುತ್ತಾನೆ.
ಇವತ್ತು ನಗಲಿಲ್ಲ.

‘ಸೊಂಟ ಆರು ತಿಂಗಳಲ್ಲಿ ಕೂಡಿಕೊಂಡಿತು.
ಆ ಹಿಡಿ ಕೂಡಲಿಲ್ಲ.
ನನ್ನಪ್ಪ ಅದನ್ನು ಹಿಡಿದೇ ಮೇಲೆ ಹೋಗಿದ್ದ.
ಅವನಾದ ಮೇಲೆ ನಾನು.
ನನ್ನ ನಂತರ ಯಾರ ಕೈಗೂ ಅದಿಲ್ಲ.’

ಅಪ್ಪನ ಸುದ್ದಿ ನನಗೆ ಹೊಸದು.
ಹನ್ನೆರಡು ವರ್ಷ, ಒಂದೇ ಹಗ್ಗ.

ಯೋರಿಸ್ ಸಿಟ್ಟಿನಲ್ಲೇ ಹಗ್ಗ ಸುತ್ತಿದ.
ನಾಡಿದ್ದು ಬನ್ನಿ ಎಂದೆ. ನಾಡಿದ್ದು ಪರೀಕ್ಷೆ ಎಂದ.
ಆದರೂ ಉಂಡೆಯನ್ನು ಎಸೆಯಲಿಲ್ಲ, ಗುಡಿಸಲಿನವರೆಗೆ
ಮೊಟ್ಟೆ ಹಿಡಿದಂತೆ ಹಿಡಿದು ತಂದು
ಕಿಟಕಿಯ ದಂಡೆಯ ಮೇಲಿಟ್ಟ.
ಪ್ಲಮ್ ಕೇಕು ತಿಂದರು, ಇಸ್ಪೀಟಾಡಿದರು,
ಸಂಜೆಯ ದೋಣಿಗೆ ಕೈಬೀಸಿ ಹೊರಟರು.
ಅವರ ಬೆನ್ನಿಗೇ ಗಾಳಿ ತಿರುಗಿತು.

ಸೋಮವಾರ ಬೆಳಗ್ಗೆ ಕೆಟಲ್ ಇಡಲು ಹೋದವಳು
ಬೆರಳ ತುದಿಯಿಂದ ಉಂಡೆಯನ್ನು ಮುಟ್ಟಿದೆ.
ಸದ್ದಿಲ್ಲದೆ ಕುಸಿಯಿತು.
ಹೈನರ್ಟ್‌ಗೆ ಹೇಳಲು ತಿರುಗಿದರೆ
ಅವನಾಗಲೇ ಬಾಗಿ ಬೂಟಿನ ದಾರ ಬಿಗಿಯುತ್ತಿದ್ದ.
ದಂಡೆಯ ಮೇಲೆ ಒಂದು ಹಿಡಿ ಮರಳು,
ಅದರಲ್ಲೆಲ್ಲೂ ಆ ಹುಡುಗನ ಬೆರಳಿರಲಿಲ್ಲ.